ಹಳದಿ ಪಟ್ಟಿ, ಕೆಂಪು ಪಟ್ಟಿ

ಬೀದಿಯವರೆಲ್ಲ ಅವಳನ್ನು ಸ್ಟುಡಿಯೋ ಅಕ್ಕ ಅಂತಲೇ ಕರೆಯುತ್ತಿದ್ದರು. ತಲೆ ನರೆತವರೂ ಅಕ್ಕ ಅನ್ನುವಾಗ ಮೊದಮೊದಲು ಅವಳಿಗೆ ಇರುಸುಮುರುಸಾಗುತ್ತಿತ್ತು. ಆಮೇಲಾಮೇಲೆ ಸಂಬಳವಿಲ್ಲದ ಹುದ್ದೆಯ ಹಾಗೆ ಆ ಹೆಸರು ಮೈಗೆ ಅಂಟಿಕೊಂಡುಬಿಟ್ಟಿತು.

ಸ್ಟುಡಿಯೋ ಅವಳ ಅಪ್ಪನದು. ಔಷಧಿ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಗಾಜಿನ ಕೌಂಟರು, ಅದರ ಕೆಳಗೆ ಯಾರ್ಯಾರದೋ ಕೂಸುಗಳ, ಮದುಮಕ್ಕಳ ಬಣ್ಣ ಮಾಸಿದ ಫೋಟೋಗಳು. ಹಿಂದಿನ ಕೋಣೆಯಲ್ಲಿ ನೀಲಿ ಪರದೆ, ತಿರುಗುವ ಸ್ಟೂಲು, ಬಿಳಿ ಕೊಡೆ ಕಟ್ಟಿದ ಎರಡು ದೀಪ. ಗೋಡೆಯ ಕನ್ನಡಿ ಪಕ್ಕದಲ್ಲಿ ಒಂದು ಬಾಚಣಿಗೆಯನ್ನು ದಾರದಿಂದ ಮೊಳೆಗೆ ಕಟ್ಟಿದ್ದರು. ಮೊದಲಿನ ಬಾಚಣಿಗೆಗಳೆಲ್ಲ ಗಿರಾಕಿಗಳ ಜೇಬಿನಲ್ಲಿ ಹೊರಟುಹೋಗಿದ್ದವು.

ಅಪ್ಪನ ಕೈ ನಡುಗಲು ಶುರುವಾದಾಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಳು. ಅಮ್ಮ ತೀರಿಕೊಂಡು ಆಗಲೇ ಕೆಲವು ವರ್ಷ ಕಳೆದಿದ್ದವು, ತಮ್ಮ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. "ಒಂದೆರಡು ತಿಂಗಳು ಕೈ ಹಿಡಿ ಮಗಳೇ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಸರಿಹೋಗತ್ತೆ" ಅಂದರು ಅಪ್ಪ. ಕೈ ಸರಿಹೋಗಲಿಲ್ಲ. ಅವಳು ಕಾಲೇಜಿಗೆ ಮರಳಲಿಲ್ಲ. ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ತೊಳೆದು ಬೆರಳ ತುದಿಗಳು ಕಂದಿದವು. ಶಾಲೆಗಳ ಗ್ರೂಪ್ ಫೋಟೋ, ಕಾರ್ಖಾನೆಯವರ ಗುರುತಿನ ಚೀಟಿ, ಮದುವೆ, ನಾಮಕರಣ, ಎಲ್ಲಕ್ಕೂ ಅವಳೇ ಹೋದಳು. ಬ್ಯಾಗು ಹೊತ್ತು ಹಿಂದೆ ಬರುವವಳು ಸಹಾಯಕಿ ಅಂತ ಜನ ಮೊದಲು ಅಂದುಕೊಳ್ಳುತ್ತಿದ್ದರು. ಆಮೇಲೆ ಆಲ್ಬಮ್ ನೋಡಿ ಸುಮ್ಮನಾಗುತ್ತಿದ್ದರು.

ಅವಳ ಮದುವೆಯ ಮಾತು ಬಂದಾಗೆಲ್ಲ ಅಪ್ಪ, "ಈ ಸೀಸನ್ ಒಂದು ಮುಗೀಲಿ" ಅನ್ನುತ್ತಿದ್ದರು. ಊರವರ ಮದುವೆಗಳ ಸೀಸನ್ನು ಅದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಊರಿನ ಅರ್ಧ ಹೆಣ್ಣುಮಕ್ಕಳನ್ನು ಗಂಡನ ಪಕ್ಕ ನಿಲ್ಲಿಸಿ "ಸ್ವಲ್ಪ ನಗಮ್ಮ" ಅಂದವಳು ಅವಳೇ. ತಾನು ಮಾತ್ರ ಯಾವ ಚೌಕಟ್ಟಿಗೂ ಬರಲಿಲ್ಲ. ಕೊನೆಗೆ ಕೇಳಿಕೊಂಡು ಬರುವವರೂ ನಿಂತರು, ಅಪ್ಪನಿಗೂ ಸಬೂಬು ಹೇಳುವ ಕೆಲಸ ತಪ್ಪಿತು.

ಫಿಲ್ಮಿನ ಕಾಲ ಮುಗಿದು ಡಿಜಿಟಲ್ ಬಂದಾಗ ಯಾವ ಕ್ಯಾಮೆರಾ ಕೊಳ್ಳುವುದು ಅನ್ನುವ ಪ್ರಶ್ನೆ ಬಂತು. ದೊಡ್ಡ ಹೆಸರಿನ ಕಂಪನಿಗಳು ಎರಡು. ಕಸುಬಿನವರು ಅವುಗಳ ಹೆಸರು ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದರ ಕೊರಳಪಟ್ಟಿಯ ಮೇಲೆ ಹಳದಿ ಅಕ್ಷರ, ಇನ್ನೊಂದರ ಪಟ್ಟಿಯ ಮೇಲೆ ಕೆಂಪು, ಹಾಗಾಗಿ ಹಳದಿ ಮತ್ತು ಕೆಂಪು ಅಷ್ಟೆ. ಫೋಟೋಗ್ರಾಫರರ ಸಂಘದಲ್ಲಿ ಇದೇ ಎರಡು ಪಕ್ಷಗಳಾಗಿದ್ದವು. ಸಭೆ ಕರೆದದ್ದು ಕಲ್ಯಾಣ ಮಂಟಪದವರ ಕಿರುಕುಳದ ವಿಷಯ ಮಾತಾಡಲು, ಎದ್ದುಹೋಗುವಾಗ ಹಳದಿಯವರೂ ಕೆಂಪಿನವರೂ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿರುತ್ತಿತ್ತು. ಹೆಂಡತಿ ತವರಿಗೆ ಹೋದರೂ ಇಷ್ಟು ತಲೆ ಕೆಡಿಸಿಕೊಳ್ಳದ ಗಂಡಸರು ಶಟರಿನ ಸದ್ದಿನ ಬಗ್ಗೆ ಕತ್ತಿನ ನರ ಉಬ್ಬಿಸಿಕೊಂಡು ವಾದಿಸುತ್ತಿದ್ದರು.

ಅವಳು ವಾದಕ್ಕೆ ಹೋಗಲಿಲ್ಲ. ಪೇಟೆಯ ಡೀಲರ್ ಅಂಗಡಿಗೆ ಹೋಗಿ ಎರಡನ್ನೂ ಕೌಂಟರಿನ ಮೇಲೆ ಇಡಿಸಿದಳು. ಡೀಲರು ಬೊಕ್ಕತಲೆಯ ಸೌಮ್ಯ ಮನುಷ್ಯ.

"ಮೇಡಂ, ಬಳಸೋರು ಯಾರು? ಅವರನ್ನೇ ಒಂದ್ಸಲ ಕರ್ಕೊಂಡು ಬಂದ್ರೆ ಒಳ್ಳೇದು" ಅಂದ.

"ಬಂದಿದ್ದಾರೆ" ಅಂದಳು ಅವಳು.

ಡೀಲರು ಬಾಗಿಲ ಕಡೆ ನೋಡಿದ. ಆಮೇಲೆ ಅರ್ಥವಾಗಿ ಕಿವಿ ಕೆಂಪಗೆ ಮಾಡಿಕೊಂಡ.

ಅವಳು ಎರಡರಲ್ಲೂ ಅವನ ಮುಖವನ್ನೇ ತೆಗೆದಳು. ಕಿಟಕಿ ಬೆಳಕಿನಲ್ಲಿ ಒಂದು, ಟ್ಯೂಬ್‌ಲೈಟಿನ ಕೆಳಗೆ ಒಂದು. ಅವಳ ಅಂಗೈ ಸಣ್ಣದು. ಹಳದಿಯ ಹಿಡಿ ಒಳಗೆ ಕೂತಿತು, ಕೆಂಪಿನದು ಬೆರಳಿಗೆ ಎಟುಕದೆ ಜಾರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ಜೀವಮಾನವಿಡೀ ಒಂದೊಂದಾಗಿ ಕೂಡಿಸಿಕೊಂಡಿದ್ದ ಹಳೇ ಲೆನ್ಸುಗಳು ಹಳದಿಯ ಬಾಯಿಗೆ ಸರಿಯಾಗಿ ಕೂರುತ್ತಿದ್ದವು. ಕೆಂಪಿನ ಬಾಯಿಯ ಅಳತೆಯೇ ಬೇರೆ.

"ಯಾವುದು ಚೆನ್ನಾಗಿದೆ ಅನ್ಸತ್ತೆ?" ಅಂತ ಡೀಲರು ಕೇಳಿದ.

"ಕೆಂಪಲ್ಲಿ ನೀವು ಚೆನ್ನಾಗಿ ಕಾಣ್ತೀರಿ" ಅಂದಳು. "ಹಳದೀಲಿ ನೀವೇ ಕಾಣ್ತೀರಿ."

ಹಳದಿ ಮನೆಗೆ ಬಂತು. ಆಮೇಲಿನ ವರ್ಷಗಳು ಅವಳ ಬದುಕಿನ ಒಳ್ಳೆಯ ವರ್ಷಗಳು. ಅಪ್ಪನ ಹಳೇ ಲೆನ್ಸು ತಾನಾಗಿ ಫೋಕಸ್ ಮಾಡುತ್ತಿರಲಿಲ್ಲ, ಕೈಯಲ್ಲೇ ತಿರುಗಿಸಬೇಕು. ಅವಳ ಬೆರಳುಗಳಿಗೆ ಅದು ಉಸಿರಾಟದಷ್ಟೇ ಸಲೀಸಾಯಿತು. ನಿಂತ ಜಾಗದಲ್ಲಿ ನಿಂತೇ, ಯಾರ ಕಣ್ಣಿಗೂ ಬೀಳದೆ, ಮದುಮಗಳು ತನ್ನ ಅಪ್ಪನ ಕಡೆ ಒಂದು ಸಲ ತಿರುಗಿ ನೋಡಿದ್ದನ್ನೂ ಅವರು ಮುಖ ಆಚೆ ಮಾಡಿದ್ದನ್ನೂ ಹಿಡಿದುಬಿಡುತ್ತಿದ್ದಳು. ಪಕ್ಕದೂರುಗಳಿಂದ ಜನ ಹುಡುಕಿಕೊಂಡು ಬಂದರು. ಬಂದವರು ಅಪ್ಪನಿಗೆ ಕೈಮುಗಿದು, "ನಿಮ್ಮ ಸ್ಟುಡಿಯೋದ ಕೆಲಸ ಅಂದ್ರೆ ಕೆಲಸ" ಅನ್ನುತ್ತಿದ್ದರು. ಅಪ್ಪ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗುತ್ತಿದ್ದರು.

ಅಷ್ಟರಲ್ಲಿ ತಮ್ಮ ಓದು ಮುಗಿಸಿದ. ಮುಗಿಸಿದ ಅನ್ನುವುದಕ್ಕಿಂತ ಓದೇ ಅವನ ಕೈ ಬಿಟ್ಟಿತು. ವಿಮೆ ಕಚೇರಿಯಲ್ಲಿ ಕೂತ, ಮೊಬೈಲ್ ಅಂಗಡಿಯಲ್ಲಿ ನಿಂತ, ಎಲ್ಲೂ ಕಾಲೂರಲಿಲ್ಲ. ಕೊನೆಗೊಂದು ಬೆಳಿಗ್ಗೆ ಸ್ಟುಡಿಯೋ ಕೌಂಟರಿನ ಹಿಂದೆ ಬಂದು ಕೂತಾಗ ಅಪ್ಪನ ಮುಖ ಅರಳಿತು. "ಇನ್ನು ನನಗೆ ಚಿಂತೆ ಇಲ್ಲ" ಅಂದರು. ಅವಳು ಹಿಂದಿನ ಕೋಣೆಯಲ್ಲಿ ಒಂದು ಮಗುವನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಇಷ್ಟು ದಿನ ಅವರಿಗೆ ಇದ್ದ ಚಿಂತೆ ಯಾವುದು ಅಂತ ಅವಳಿಗೆ ಹೊಳೆಯಲಿಲ್ಲ.

ಅವಳೇ ಅವನಿಗೆ ಕೆಲಸ ಕಲಿಸಿದಳು. ಕೈ ಹಿಡಿದು ಕಲಿಸಿದಳು. ಆದರೆ ಅವನಿಗೆ ಕೈಗಿಂತ ಕಿವಿಯ ಮೇಲೆ ನಂಬಿಕೆ. ದಿನವಿಡೀ ಮೊಬೈಲಿನಲ್ಲಿ ಯಾರ್ಯಾರೋ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮಾಡುವ ವಿಡಿಯೋಗಳನ್ನು ನೋಡುತ್ತಿದ್ದ. ಜೊತೆಗೆ ಅವನಿಗೊಬ್ಬ ವಿಡಿಯೋಗ್ರಾಫರ್ ಗೆಳೆಯ ಇದ್ದ, ಕೆಂಪಿನ ಪಕ್ಷದವನು. ಅವನು ಹೇಳಿದ್ದೆಲ್ಲ ತಮ್ಮನ ಬಾಯಲ್ಲಿ ಮರುದಿನ ಬರುತ್ತಿತ್ತು.

"ಅಕ್ಕ, ಹಳದಿ ಕಾಲ ಮುಗೀತು. ಎಲ್ಲರೂ ಕೆಂಪಿಗೆ ಹೋಗ್ತಿದ್ದಾರೆ. ವಿಡಿಯೋ ಅದ್ರಲ್ಲೇ ಚೆನ್ನಾಗಿ ಬರೋದು."

"ನಾವು ವಿಡಿಯೋ ಮಾಡಲ್ವಲ್ಲೋ."

"ಅದಕ್ಕೇ ಹಿಂದೆ ಬಿದ್ದಿದ್ದೀವಿ."

"ಲೆನ್ಸ್ ಎಲ್ಲ ಏನು ಮಾಡ್ತೀಯ? ಕೆಂಪಿಗೆ ಕೂರಲ್ಲ."

"ಅವೆಲ್ಲ ಮ್ಯೂಸಿಯಮ್ಮಲ್ಲಿ ಇಡೋವು ಅಕ್ಕ. ಇಂಥ ಕಾಲದಲ್ಲಿ ಕೈಯಲ್ಲಿ ಫೋಕಸ್ ಮಾಡೋರು ಯಾರಿದ್ದಾರೆ?"

ನಾನಿದ್ದೀನಿ ಅನ್ನುವ ಮಾತು ಅವಳ ಬಾಯಿಯ ತನಕ ಬಂದು ನಿಂತಿತು. ಈ ಎಳೆದಾಟ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು: ಗೆಳೆಯನ ಕೆಂಪು ಕ್ಯಾಮೆರಾ ತಾ, ಒಂದೇ ಮನೆಯವರನ್ನು ನೀನು ಅದರಲ್ಲಿ ತೆಗೆ, ನಾನು ಇದರಲ್ಲಿ ತೆಗೀತೀನಿ, ಅಪ್ಪ ನೋಡಿ ಹೇಳಲಿ. ಮೂವತ್ತು ವರ್ಷ ಬೆಳಕು ನೋಡಿದ ಕಣ್ಣು ಅದು. ತಪ್ಪಲಾರದು ಅಂತ ಅವಳಿಗೆ ಭರವಸೆ.

ಪಕ್ಕದಂಗಡಿಯ ದರ್ಜಿ ತನ್ನ ಮನೆಯವರನ್ನೆಲ್ಲ ಕರೆದುಕೊಂಡು ಬಂದ, ಅವನ ಮುದಿ ತಾಯಿಯೂ ಸೇರಿ. ತಮ್ಮ ದೀಪಗಳನ್ನೆಲ್ಲ ಪೂರ್ತಿ ಹೊತ್ತಿಸಿ ತೆಗೆದ. ಅವಳು ಒಂದು ದೀಪ ಆರಿಸಿ, ಮುದುಕಮ್ಮನ ಹತ್ತಿರ ಅದೂ ಇದೂ ಮಾತಾಡುತ್ತಾ ತೆಗೆದಳು. ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ಕಾಗದದ ಮೇಲೆ ಪ್ರಿಂಟ್ ಹಾಕಿ, ಹಿಂದೆ ಏನೂ ಬರೆಯದೆ ಅಪ್ಪನ ಮುಂದೆ ಇಟ್ಟರು.

ಅಪ್ಪ ಕನ್ನಡಕ ಏರಿಸಿಕೊಂಡು, ನಡುಗುವ ಕೈಯಲ್ಲಿ ಒಂದೊಂದನ್ನೂ ಎತ್ತಿ ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇದು" ಅಂದರು. "ಅನುಮಾನವೇ ಇಲ್ಲ. ಮುದುಕಮ್ಮನ ಮುಖದಲ್ಲಿ ಜೀವ ಇದೆ. ಕೆನ್ನೆ ಹತ್ರ ನೆರಳು ಹೇಗೆ ಇಳಿದಿದೆ ನೋಡು." ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ, ಬುದ್ಧಿ ಹೇಳುವ ದನಿಯಲ್ಲಿ, "ಬೇಜಾರು ಮಾಡ್ಕೋಬೇಡ. ತಮ್ಮನ್ನ ನೋಡಿ ಕಲಿ, ತಪ್ಪೇನಿಲ್ಲ" ಅಂದರು.

"ಅಪ್ಪ, ಅದು ನಾನು ತೆಗೆದದ್ದು. ಹಳದೀದು."

ಅಪ್ಪ ಕನ್ನಡಕ ತೆಗೆದರು. ಅಂಗಿಯ ತುದಿಯಲ್ಲಿ ಉಜ್ಜಿದರು. ಮತ್ತೆ ಹಾಕಿಕೊಂಡರು. ದರ್ಜಿ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಾ ನಿಂತ.

"ಇಲ್ಲಿ ಬೆಳಕು ಸರಿಯಿಲ್ಲ. ಬಾಗಿಲ ಹತ್ರ ಹೋಗೋಣ, ಕೊಡು" ಅಂದರು ಅಪ್ಪ.

ಬಾಗಿಲ ಹತ್ತಿರ ನಿಂತು ಮತ್ತೆ ನೋಡಿದರು. ಈ ಸಲ ಬಹಳ ಹೊತ್ತು ಹಿಡಿಯಿತು. "ಇದೂ ಏನು ಕಮ್ಮಿ ಇಲ್ಲ" ಅಂತ ಇನ್ನೊಂದನ್ನು ಮೇಲೆತ್ತಿದರು. "ಲಕಲಕ ಅಂತಿದೆ. ಸುಕ್ಕೇ ಕಾಣಲ್ಲ. ಈಗಿನವರಿಗೆ ಇಂಥದ್ದೇ ಬೇಕು. ನಾವು ಹಳಬರು, ನಮ್ಮ ಕಣ್ಣಿಗೆ ನೆರಳು ಇಷ್ಟ ಆಗತ್ತೆ, ಗಿರಾಕಿಗೆ ಆಗಬೇಕಲ್ಲ."

ತಮ್ಮ ಆಗಲೇ ಕೆಂಪು ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದ. ದರ್ಜಿಯ ತಾಯಿ ಮಾತ್ರ ಹೊರಡುವಾಗ ಅವಳ ಪ್ರಿಂಟನ್ನು ಕೇಳಿ ಇಸಿದುಕೊಂಡು ಹೋದಳು.

ಆದರೂ ಅವಳು ಅದು ಅಲ್ಲಿಗೆ ಮುಗಿಯಿತು ಅಂದುಕೊಂಡಿರಲಿಲ್ಲ. ಕೆಂಪು ಬಂದರೆ ಬರಲಿ, ಅವನದು ಅವನಿಗೆ, ನನ್ನದು ನನಗೆ ಅಂದುಕೊಂಡಿದ್ದಳು. ಮುಂದಿನ ವಾರ, ಅಂಗಡಿಯ ರಜೆಯ ಮರುದಿನ, ಶಾಲೆಯೊಂದರ ಗ್ರೂಪ್ ಫೋಟೋಗೆ ಹೊರಡಲು ಕಬ್ಬಿಣದ ಬೀರು ತೆಗೆದಳು. ಕೆಳಗಿನ ಅರೆಯಲ್ಲಿ ಹೊಳೆಯುವ ಹೊಸ ಡಬ್ಬಗಳಿದ್ದವು, ಎಲ್ಲದರ ಮೇಲೂ ಕೆಂಪು ಅಕ್ಷರ. ಹಳದಿ ಇರಲಿಲ್ಲ. ಲೆನ್ಸುಗಳನ್ನು ಸುತ್ತಿಡುತ್ತಿದ್ದ ಮೆತ್ತನೆ ಬಟ್ಟೆ ಮಾತ್ರ ಮಡಚಿ ಬಿದ್ದಿತ್ತು.

"ಎಕ್ಸ್‌ಚೇಂಜಲ್ಲಿ ಕೊಟ್ಟೆ ಅಕ್ಕ" ಅಂದ ತಮ್ಮ. "ಇಲ್ಲದಿದ್ರೆ ಹೊಸದು ತರೋಕೆ ಆಗ್ತಿರಲಿಲ್ಲ."

"ಹಳೇ ಲೆನ್ಸ್‌ಗಳನ್ನೂ?"

"ಅವಕ್ಕೇನೂ ಬರಲಿಲ್ಲ. ಡೀಲರು ಸುಮ್ಮನೆ ಜೊತೆಗೆ ತಗೊಂಡ ಅಷ್ಟೆ."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರಿನ ಪುಟ ತಿರುವಿದರು. "ನಾನೇ ಕೊಡು ಅಂದೆ. ನನ್ನ ಲೆನ್ಸ್ ತಾನೆ" ಅಂದರು.

ಅವರ ಲೆನ್ಸೇ. ಕಾಗದದ ಮೇಲೆ ಆ ಅಂಗಡಿಯ ಬಾಗಿಲ ಚಿಲಕವೂ ಅವಳದ್ದಾಗಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ ಅಂತ, ಕೆಂಪು ಕ್ಯಾಮೆರಾವನ್ನೇ ಕೊರಳಿಗೆ ಹಾಕಿಕೊಂಡು ಹೊರಟಳು. ಆವತ್ತು ಹಾಗೆ ಹೊರಡಬಾರದಿತ್ತು ಅಂತ ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದೆ.

ಕೈ ಅನ್ನುವುದು ಒಂದು ಸಲ ಕಲಿತದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹಳದಿಯಲ್ಲಿ ಲೆನ್ಸಿನ ಜೂಮ್ ಬಳೆಯನ್ನು ಯಾವ ಕಡೆಗೆ ತಿರುಗಿಸಿದರೆ ಮುಖ ಹತ್ತಿರ ಬರುತ್ತಿತ್ತೋ ಕೆಂಪಿನಲ್ಲಿ ಅದೇ ಕಡೆಗೆ ತಿರುಗಿಸಿದರೆ ದೂರ ಓಡುತ್ತಿತ್ತು. ಲೆನ್ಸು ಹಾಕುವುದು ಉಲ್ಟಾ, ಬಿಚ್ಚುವುದು ಉಲ್ಟಾ. ನಿಂತವರನ್ನು ತೆಗೆಯುವಾಗ ಪರವಾಗಿರಲಿಲ್ಲ, ಯೋಚಿಸಿ ತಿರುಗಿಸುತ್ತಿದ್ದಳು. ಆದರೆ ಮದುವೆಯಲ್ಲಿ ಯೋಚಿಸುವಷ್ಟು ಹೊತ್ತು ಯಾರು ಕೊಡುತ್ತಾರೆ?

ಒಂದು ದೊಡ್ಡ ಮನೆಯ ಮದುವೆ. ಮದುಮಗಳ ಅಜ್ಜ ಆಸ್ಪತ್ರೆಯಲ್ಲಿದ್ದರು, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಯಾರಿಗೂ ಹೇಳದೆ ಕರೆತಂದರು. ಹುಡುಗಿ ಅವರನ್ನು ಕಂಡವಳೇ ವೇದಿಕೆ ಇಳಿದು ಓಡಿಬಂದು ಅಜ್ಜನ ಮಡಿಲಲ್ಲಿ ಮುಖ ಇಟ್ಟಳು. ಇಂಥ ಗಳಿಗೆ ಹಿಡಿಯುವುದರಲ್ಲಿ ಸ್ಟುಡಿಯೋ ಅಕ್ಕ ಎತ್ತಿದ ಕೈ. ಕಣ್ಣು ಮೊದಲೇ ನೋಡಿತ್ತು, ಕಾಲು ಮೊದಲೇ ಸರಿಯಾದ ಜಾಗದಲ್ಲಿತ್ತು. ಕೈ ತಿರುಗಿತು, ಹಳೆಯ ಅಭ್ಯಾಸದ ಕಡೆಗೆ. ಮುಖಗಳು ದೂರ ಸರಿದು, ಅಡ್ಡ ಬಂದವರ ಬೆನ್ನುಗಳೂ ಮೇಲಿನ ಫ್ಯಾನೂ ತುಂಬಿಕೊಂಡವು. ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗಿ ಎದ್ದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜ ಮುಂದಿನ ತಿಂಗಳೇ ತೀರಿಕೊಂಡರು.

ಆಲ್ಬಮ್ ತೆಗೆದುಕೊಳ್ಳಲು ಬಂದ ಹುಡುಗಿಯ ತಂದೆ ಪುಟಗಳನ್ನು ಹಿಂದೆ ಮುಂದೆ ತಿರುವಿದರು. "ನಮ್ಮಪ್ಪಂದು ಒಂದೂ ಇಲ್ಲವಾ?" ಅಂತ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ತಮ್ಮ ಕೌಂಟರಿನಿಂದಲೇ, "ಕ್ಷಮಿಸಿ ಸಾರ್. ಅಕ್ಕನಿಗೆ ಈಗೀಗ ಕೈ ಓಡಲ್ಲ. ಇನ್ಮೇಲೆ ಮದುವೆಗೆಲ್ಲ ನಾನೇ ಬರ್ತೀನಿ" ಅಂದ.

ಅವಳು ಅಲ್ಲೇ ನಿಂತಿದ್ದಳು, ಆಲ್ಬಮ್ಮಿಗೆ ಹೊದಿಕೆ ಸುತ್ತುತ್ತಾ. ಅಪ್ಪ ಕುರ್ಚಿಯಲ್ಲಿದ್ದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜತೊಡಗಿದರು.

ಅಂದಿನಿಂದ ಅವಳು ಹಿಂದಿನ ಕೋಣೆಗೆ ಮೀಸಲಾದಳು. ಪಾಸ್‌ಪೋರ್ಟ್ ಫೋಟೋ, ಹಾಲ್‌ಟಿಕೆಟ್ ಫೋಟೋ, ಲ್ಯಾಮಿನೇಶನ್ನು, ಜೆರಾಕ್ಸು. ತಮ್ಮ ಗೆಳೆಯನ ಜೊತೆ ಮದುವೆಗಳಿಗೆ ಹೋದ. ಬಂದ ಫೋಟೋಗಳಲ್ಲಿ ಎಲ್ಲರೂ ಬೆಳ್ಳಗೆ, ಎಲ್ಲರೂ ನುಣ್ಣಗೆ, ಯಾರೂ ಯಾರ ಹಾಗೂ ಇರಲಿಲ್ಲ. ಗಿರಾಕಿಗಳು ಅದನ್ನೇ ಮೆಚ್ಚಿದರು. ಅಪ್ಪನ ಮಾತು ನಿಜವಾಯಿತಲ್ಲ ಅಂತ ಅವಳು ತನ್ನೊಳಗೇ ಮೂಗು ಮುರಿದಳು, ಆದರೆ ನಿಜವಾದದ್ದು ನಿಜವೇ.

ಹೀಗೇ ವರ್ಷಗಳು ಹೋದವು. ಆಮೇಲೆ ಕ್ಯಾಮೆರಾದೊಳಗಿನ ಕನ್ನಡಿಯನ್ನೇ ತೆಗೆದುಹಾಕಿದ ಹೊಸ ಬಗೆಯವು ಬಂದವು. ಹಳದಿ, ಕೆಂಪು ಎರಡೂ ಕಂಪನಿಯವರು ಕನ್ನಡಿಯಿದ್ದ ಹಳೇ ಡಿಎಸ್ಎಲ್ಆರ್‌ಗಳನ್ನು ಮಾಡುವುದು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ತಮ್ಮ ತನ್ನ ಕೆಂಪು ಸೆಟ್ಟನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒರೆಸುತ್ತಿದ್ದ, ಮಾರುವುದಕ್ಕೆ. ಈಗ ಅವನ ಮನಸ್ಸು ಮೂರನೆಯ ಯಾವುದೋ ಕಂಪನಿಯ ಮೇಲೆ ಕೂತಿತ್ತು.

"ಇದನ್ನೂ ಕೊಡ್ತೀಯಾ?" ಅಂದಳು ಅವಳು. "ಇದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ ಅಂತಿದ್ದೆ."

ತಮ್ಮ ನಕ್ಕ. ಕೆಟ್ಟ ನಗೆಯಲ್ಲ, ಮನೆಯವರ ಹತ್ತಿರ ನಗುವ ನಗೆ. "ನಿಜ ಹೇಳ್ಬೇಕಂದ್ರೆ ಎಲ್ಲಾ ಒಂದೇ ಅಕ್ಕ. ಯಾವುದ್ರಲ್ಲಿ ತೆಗೆದ್ರೂ ಗಿರಾಕಿಗೆ ಗೊತ್ತಾಗಲ್ಲ."

"ಆವಾಗ್ಲೂ ಒಂದೇ ಇತ್ತಾ?"

"ಯಾವಾಗ?"

"ನನ್ನದನ್ನ ಕೊಟ್ಟಾಗ."

ಅವನು ಲೆನ್ಸಿನ ಗಾಜಿಗೆ ಬಾಯಿಂದ ಆವಿ ಊದಿ ಒರೆಸಿದ. "ಆವಾಗ್ಲೂ ಅಷ್ಟೇ ಇತ್ತು. ಗೆಳೆಯನ ಹತ್ರ ಕೆಂಪು ಲೆನ್ಸ್ ಇದ್ವು, ಹಂಚ್ಕೊಂಡು ಬಳಸಬಹುದಿತ್ತು, ಅದಕ್ಕೆ. ಅದನ್ನ ಇನ್ನೂ ತಲೇಲಿ ಇಟ್ಕೊಂಡಿದ್ದೀಯಾ ನೀನು?"

ಹಿಂದಿನ ಕೋಣೆಯಲ್ಲಿ ಒಬ್ಬ ಗಿರಾಕಿ ಕಾಲರು ಸರಿಮಾಡಿಕೊಂಡು ಕಾಯುತ್ತಿದ್ದ. ಅವನ ಫೋಟೋ ತೆಗೆದು, ಕತ್ತರಿಸಿ, ಲಕೋಟೆಗೆ ಹಾಕಿ ಕೊಟ್ಟಳು. ಆಮೇಲೆ ದೀಪ ಆರಿಸಿ, ತನ್ನ ಚೀಲ ತೆಗೆದುಕೊಂಡು, ಇನ್ನೂ ಬಿಸಿಲಿದ್ದಾಗಲೇ ಮನೆಗೆ ನಡೆದಳು. ಮೋಸ ಮಾಡಿದ್ದರೆ ಜಗಳವಾಡಬಹುದಿತ್ತು. ತನ್ನ ಕೈಯನ್ನೇ ಕಿತ್ತುಕೊಂಡದ್ದು ಅವನಿಗೆ ಒಂದು ಲೆಕ್ಕವೇ ಆಗಿರಲಿಲ್ಲ ಅನ್ನುವುದಕ್ಕೆ ಯಾವ ಜಗಳ ಆಡುವುದು ಅಂತ ಅವಳಿಗೆ ತಿಳಿಯಲಿಲ್ಲ.

ಸರ್ಕಾರಿ ಗುರುತಿನ ಚೀಟಿ ಕಚೇರಿಯಲ್ಲಿ ಫೋಟೋ ತೆಗೆಯುವವರು ಬೇಕು ಅನ್ನುವ ಜಾಹೀರಾತು ಆ ಕಚೇರಿಯ ಹೊರಗಿನ ಬೋರ್ಡಿನಲ್ಲಿ ಬಹಳ ದಿನದಿಂದ ತೂಗುತ್ತಿತ್ತು. ಅವಳು ಹೋಗಿ ಕೇಳಿದಳು. ಅಲ್ಲಿನ ಅಧಿಕಾರಿ, "ಕ್ಯಾಮೆರಾ ಬಳಸಿ ಅಭ್ಯಾಸ ಇದೆಯಾ?" ಅಂದ. "ಸ್ವಲ್ಪ ಇದೆ" ಅಂದಳು. ಅದೇ ವಾರ ಕೆಲಸಕ್ಕೆ ಸೇರಿದಳು, ಕಚೇರಿ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅಪ್ಪ ಮಾತು ಬಿಟ್ಟರು. ತಮ್ಮ, "ನಾನೇನು ಅಂದೆ ಅಂತ?" ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಚೇರಿಯ ಕ್ಯಾಮೆರಾ ಹೆಬ್ಬೆರಳಿನಷ್ಟಿತ್ತು. ಕಬ್ಬಿಣದ ಕಡ್ಡಿಯ ತುದಿಗೆ ಬಿಗಿದಿದ್ದರು. ತಿರುಗಿಸುವುದಕ್ಕೆ ಏನೂ ಇಲ್ಲ, ಒತ್ತುವುದಕ್ಕೆ ಒಂದು ಗುಂಡಿ. "ಕೂತ್ಕೊಳ್ಳಿ. ಮುಂದೆ ನೋಡಿ. ನಗಬೇಡಿ." ನಗಬೇಡಿ ಅನ್ನುವುದು ಮೊದಲ ಕೆಲವು ದಿನ ಅವಳ ನಾಲಿಗೆಗೆ ಸರಾಗವಾಗಿ ಬರುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು. ಎಲ್ಲರ ಮುಖವೂ ಕಳ್ಳರ ಮುಖದ ಹಾಗೆ ಬರುತ್ತಿತ್ತು. ಅವಳು ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟಳು.

ಒಂದು ದಿನ ಸಾಲಿನಲ್ಲಿ ಅಪ್ಪ ಬಂದರು. ಚೀಟಿ ನವೀಕರಿಸಬೇಕಿತ್ತು. ಮೈ ಬತ್ತಿ ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಕೈಯ ನಡುಕ ಈಗ ತಲೆಗೂ ಏರಿತ್ತು. ಸ್ಟೂಲಿನ ಮೇಲೆ ಕೂತಾಗ ಮುಖ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಯಂತ್ರ ಒಂದೊಂದು ಸಲವೂ ಫೋಟೋ ತಿರಸ್ಕರಿಸಿ ಬೀಪ್ ಅಂದಿತು.

"ಅಲುಗಾಡಬೇಡಿ" ಅಂದಳು ಅವಳು, ಎಲ್ಲರಿಗೂ ಹೇಳುವ ಹಾಗೆ.

ಹಿಂದೆ ನಿಂತವನೊಬ್ಬ ಗೊಣಗಿದ. ಅಪ್ಪ ಅವನ ಕಡೆ ತಿರುಗಿ, "ಅವಸರ ಮಾಡಬೇಡಪ್ಪ, ಒಳ್ಳೆಯವರ ಕೈಗೆ ಸಿಕ್ಕಿದ್ದೀವಿ. ನನ್ನ ಮಗಳು. ಇಡೀ ಊರಲ್ಲಿ ಇವಳಂಥ ಫೋಟೋಗ್ರಾಫರ್ ಇರಲಿಲ್ಲ. ನಾನೇ ಕಲಿಸಿದ್ದು" ಅಂದರು.

ಅಷ್ಟು ವರ್ಷ ಯಾರ ಮುಂದೆ ಆಡಬೇಕಾಗಿತ್ತೋ ಅವರ ಮುಂದೆ ಆಡದ ಮಾತು ಅದು. ಈಗ ಬಂತು, ಮುಖ ಪರಿಚಯವಿಲ್ಲದವನ ಮುಂದೆ, ಸಾಲಿನಲ್ಲಿ ಜಾಗ ಉಳಿಸಿಕೊಳ್ಳುವುದಕ್ಕೆ. ಅವಳು ಎದ್ದುಬಂದು ಅಪ್ಪನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿ, ಬೆರಳು ತೆಗೆದ ಗಳಿಗೆಯಲ್ಲೇ ಗುಂಡಿ ಒತ್ತಿದಳು. ಈ ಸಲ ಯಂತ್ರ ಒಪ್ಪಿಕೊಂಡಿತು.

"ಮುಂದಿನವರು ಬನ್ನಿ" ಅಂದಳು.

ಊಟದ ಹೊತ್ತಿಗೆ ಹೊರಗೆ ಬಂದಾಗ ಅಪ್ಪ ಇನ್ನೂ ಬೆಂಚಿನ ಮೇಲೆ ಕೂತಿದ್ದರು. ಅವಳು ಡಬ್ಬಿ ಬಿಚ್ಚಿ ಅರ್ಧ ಅವರ ಮುಂದಿಟ್ಟಳು. ತಿನ್ನುತ್ತಾ, ಬಾಯಿ ಒರೆಸಿಕೊಳ್ಳುತ್ತಾ, ಅಪ್ಪ ವಿಷಯಕ್ಕೆ ಬಂದರು. ಮುಂದಿನ ವಾರ ದೊಡ್ಡದೊಂದು ಮದುವೆಯಂತೆ. ತಮ್ಮನ ಗೆಳೆಯ ಕೈಕೊಟ್ಟು ತನ್ನದೇ ಅಂಗಡಿ ಇಟ್ಟುಕೊಂಡಿದ್ದಾನಂತೆ. ಇನ್ನೊಬ್ಬರು ಬೇಕು.

"ಒಂದು ದಿನದ ಮಾತು. ಹೋಗಿ ಬಾ. ಅವನೇ ಕೇಳೋಕೆ ನಾಚ್ಕೊಂಡು ನನ್ನ ಕಳಿಸಿದ."

"ನನಗೆ ರಜೆ ಇಲ್ಲಪ್ಪ."

"ಕೇಳಿದ್ರೆ ಕೊಡ್ತಾರೆ."

"ಕೊಡ್ತಾರೆ. ನಾನು ಕೇಳಲ್ಲ."

ಅಪ್ಪ ಅವಳ ಮುಖ ನೋಡಿದರು. ಮತ್ತೆ ಡಬ್ಬಿಯ ಕಡೆ ಬಗ್ಗಿದರು. ಅವಳು ಅವರ ಕೈ ತೊಳೆಸಿ, ರಸ್ತೆ ದಾಟಿಸಿ, ಬಸ್ ನಿಲ್ದಾಣದ ನೆರಳಿನಲ್ಲಿ ಕೂರಿಸಿದಳು. ಯಾವ ಬಸ್ಸು ಅಂತ ಪಕ್ಕದವರಿಗೆ ಹೇಳಿದಳು. ಬಸ್ಸು ಬರುವ ತನಕ ನಿಲ್ಲಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಆಗಲೇ ಮಧ್ಯಾಹ್ನದ ಸಾಲು ಬೆಳೆದಿತ್ತು.